ನಾಮವೋ, ಕ್ರಿಯೆಯೋ?

ಇಂಗ್ಲಿಷ್ ಕಲಿಯುತ್ತಿರುವ ನಿಮ್ಮ ಮಗು ‘ವಾಟರ್ ದಿ ಪ್ಲಾಂಟ್ಸ್’ ಎಂಬ ವಾಕ್ಯದ ಮುಂದೆ ತಡವರಿಸಿದರೆ ದಡ್ಡನೆಂದು ಗದರಿಸಬೇಡಿ. ‘ವಾಟರ್’ ಎಂದರೆ ನೀರು ಎಂದಷ್ಟೇ ಅದು ಕಲಿತಿದೆ. ಇಲ್ಲಿಯಾದರೋ ಅದೇ ಪದ ‘ನೀರೆರೆ’ ಎಂಬ ಕ್ರಿಯೆಯಾಗಿ ನಿಂತಿದೆ.

ಇಂತಹ ಪದಗಳು ಇಂಗ್ಲಿಷಿನಲ್ಲಿ ಹೇರಳ. ಕಾರಣವು ಆ ಭಾಷೆಯ ಚರಿತ್ರೆಯಲ್ಲಿದೆ. ಸಾವಿರ ವರ್ಷಗಳ ಹಿಂದೆ ಅಲ್ಲಿ ಪ್ರೀತಿಗೆ ‘ಲುವು’ ಎಂದೂ ಪ್ರೀತಿಸುವುದಕ್ಕೆ ‘ಲುವಿಯನ್’ ಎಂದೂ ಬೇರೆ ಬೇರೆ ರೂಪಗಳಿದ್ದುವು. ಕಾಲಕ್ರಮದಲ್ಲಿ ಕೊನೆಯ ಪ್ರತ್ಯಯಗಳು ಸವೆದುಹೋದುವು. ಎರಡೂ ‘ಲವ್’ ಎಂದಾದುವು. ಆಮೇಲೆ ಭೇದವನ್ನು ತಿಳಿಸುವ ಹೊಣೆ ಬಹುಮಟ್ಟಿಗೆ ಪದದ ಸ್ಥಾನಕ್ಕೆ ಬಂತು. ‘ದಿ ವಾಟರ್’ ಎಂದರೆ ನಾಮ. ‘ಐ ವಿಲ್ ವಾಟರ್’ ಎಂದರೆ ಕ್ರಿಯೆ. ಕೆಲವೆಡೆ ಕಿವಿಯೂ ನೆರವಾಗುತ್ತದೆ. ಬರಹದಲ್ಲಿ ಒಂದೇ ಆದರೂ ನಾಮವಾದಾಗ ‘ರೆಕಾರ್ಡ್’ ಎಂದು ಮೊದಲಿಗೆ ಒತ್ತು. ಕ್ರಿಯೆಯಾದಾಗ ‘ರಿಕಾರ್ಡ್’ ಎಂದು ಕೊನೆಗೆ ಒತ್ತು.

ಕನ್ನಡಿಗರಿಗೆ ಇದು ತೀರ ಹೊಸತೇನೂ ಅಲ್ಲ. ಹಾಡು, ನುಡಿ, ನಡೆ, ಓದು, ಬಾಳು—ಇವು ಧಾತುಗಳೂ ಹೌದು, ನಾಮಗಳೂ ಹೌದು. ‘ಹಾಡನ್ನು ಹಾಡು’ ಎಂದಾಗ ‘ಅನ್ನು’ ಎಂಬ ವಿಭಕ್ತಿಪ್ರತ್ಯಯವೇ ನಾಮದ ಗುರುತು. ಆದರೆ ನಮ್ಮ ಎಲ್ಲ ನಾಮಗಳಿಗೂ ಈ ಸ್ವಾತಂತ್ರ್ಯವಿಲ್ಲ. ‘ನೀರು’ ಕ್ರಿಯೆಯಾಗಲು ‘ಎರೆ’ ಬೇಕು. ‘ಪ್ರೀತಿ’ಗೆ ‘ಇಸು’ ಸೇರಬೇಕು.

ಆದುದರಿಂದ ಮಗುವಿಗೆ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮುನ್ನ ‘ಹಾಡನ್ನು ಹಾಡು’ ಎಂಬುದನ್ನು ಬಿಡಿಸಿ ತೋರಿಸಿ. ಆ ಮೇಲೆ ‘ವಾಟರ್’ ಪದದ ಹಿಂದೆ ಏನಿದೆ, ಮುಂದೆ ಏನಿದೆ ಎಂದು ಕೇಳಿ. ಉತ್ತರವನ್ನು ಅದೇ ಹುಡುಕಿಕೊಳ್ಳುತ್ತದೆ.