ಸರಕಿಗೆ ಒಂದೇ ಚೀಟಿ, ದುಡಿಯುವವನಿಗೆ?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸರಕು ಸಾಗಾಟದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ಕೇಳಲು ಇದು ವ್ಯಾಪಾರಿಗಳ ವಿಷಯವೆಂದು ತೋರಬಹುದು. ಆದರೆ ಇಲ್ಲಿ ಕುಳಿತವರಲ್ಲಿ ಬಂದರಿನಲ್ಲಿ ದುಡಿದವರಿದ್ದೀರಿ, ಲಾರಿ ನಡೆಸುವವರಿದ್ದೀರಿ, ಗೋದಾಮಿನಲ್ಲಿ ಲೆಕ್ಕ ಬರೆಯುವವರೂ ಇದ್ದೀರಿ. ಆದುದರಿಂದ ಇದು ನಮ್ಮ ವಿಷಯವೇ ಸರಿ.

ನಮ್ಮ ಊರಿನ ಹಂಚಿನಿಂದಲೇ ಆರಂಭಿಸೋಣ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಮಂಗಳೂರು ಹಂಚು ಮಂಜಿಗಳಲ್ಲಿ ಸಮುದ್ರದ ಮೇಲೆ ಮುಂಬಯಿಗೆ ಬರತೊಡಗಿತು. ರೇ ರೋಡಿನ ಹತ್ತಿರದ ಕೌಲಾ ಬಂದರ್ ಎಂಬ ಹೆಸರಿನಲ್ಲಿ ಹಂಚಿಗೆ ಮರಾಠಿಯಲ್ಲಿರುವ ‘ಕೌಲ’ ಎಂಬ ಮಾತು ಇಂದಿಗೂ ಕೇಳಿಸುತ್ತದೆ. ಕಾರ್ಖಾನೆಯಿಂದ ಮಂಜಿಗೆ, ಮಂಜಿಯಿಂದ ಕಟ್ಟೆಗೆ, ಕಟ್ಟೆಯಿಂದ ಎತ್ತಿನ ಗಾಡಿಗೆ, ಗಾಡಿಯಿಂದ ಮನೆಯ ಮಾಡಿಗೆ. ನೀರಿನ ದಾರಿಗೂ ನೆಲದ ದಾರಿಗೂ ಗಂಟು ಹಾಕಿದ್ದು ಯಾವುದು? ಕೂಲಿಯವನ ತಲೆ ಮತ್ತು ಬೆನ್ನು. ಹಂಚು ಒಡೆಯುತ್ತಿದ್ದುದೂ ಆ ಗಂಟಿನಲ್ಲೇ, ಮನುಷ್ಯನ ಸೊಂಟ ಮುರಿಯುತ್ತಿದ್ದುದೂ ಅಲ್ಲೇ.

1915ರಲ್ಲಿ ಮುಂಬಯಿ ಪೋರ್ಟ್ ಟ್ರಸ್ಟು ತನ್ನದೇ ರೈಲು ಹಾಕಿ ಡಾಕುಗಳನ್ನು ದೊಡ್ಡ ರೈಲ್ವೆಗಳಿಗೆ ಕೂಡಿಸಿತು. ದಾರಿ ಕೂಡಿತು, ಆದರೆ ಮೂಟೆ ಹೊರುವುದು ತಪ್ಪಲಿಲ್ಲ.

ಗಂಟನ್ನೇ ಬಿಡಿಸಿದ್ದು ಒಂದು ಉಕ್ಕಿನ ಪೆಟ್ಟಿಗೆ. 1956ರ ಎಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕನ ಯೋಚನೆಯದು. ಮೂಟೆಗಳನ್ನು ಒಂದೊಂದಾಗಿ ಎತ್ತುವ ಬದಲು, ಬೀಗ ಹಾಕಿದ ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೆ, ಹಡಗಿನಿಂದ ರೈಲಿಗೆ ಕ್ರೇನಿನಿಂದ ಎತ್ತಿಡುವುದು. ಇಂಥ ಪೆಟ್ಟಿಗೆಗೆ ವಿಶಾಲವಾದ ಅಂಗಳ ಬೇಕು. ದ್ವೀಪದ ಇಕ್ಕಟ್ಟಿನಲ್ಲಿದ್ದ ಹಳೆಯ ಡಾಕುಗಳಲ್ಲಿ ಅದು ಎಲ್ಲಿಂದ ಬರಬೇಕು? 1989ರಲ್ಲಿ ಕೊಲ್ಲಿಯ ಆಚೆ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಕೆಲಸ ಆರಂಭಿಸಿತು. ಪೆಟ್ಟಿಗೆ ಆಚೆ ಹೋಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು.

ನಮ್ಮ ಕರಾವಳಿಯ ದಾರಿಯಲ್ಲಿ ಇನ್ನೊಂದು ಉಪಾಯ ಕಾಣಬಹುದು. 1999ರಲ್ಲಿ ಕೊಂಕಣ ರೈಲ್ವೆಯು ತುಂಬಿದ ಲಾರಿಯನ್ನೇ ರೈಲಿನ ಮೇಲೇರಿಸಿ ರಾಯಗಡ ಜಿಲ್ಲೆಯ ಕೊಲಾಡಿನಿಂದ ಗೋವೆಯ ವೆರ್ಣಾಕ್ಕೆ ಒಯ್ಯತೊಡಗಿತು. ಮುಂದೆ ಈ ಸೇವೆ ಸುರತ್ಕಲ್ಲಿಗೂ ಬಂತು. ಘಟ್ಟದ ತಿರುವುಗಳಲ್ಲಿ ನಿದ್ದೆಗೆಟ್ಟು ಲಾರಿ ನಡೆಸುವ ಕಷ್ಟ ಡ್ರೈವರನಿಗೆ ಅಷ್ಟರಮಟ್ಟಿಗೆ ತಪ್ಪಿತು. ಯಂತ್ರ ಬಂತೆಂದರೆ ಕೇಡೇ ಎನ್ನುವವರು ನಾವಲ್ಲ. ನೂರು ಕಿಲೋ ಮೂಟೆ ಬೆನ್ನಿನಿಂದ ಇಳಿದರೆ ಅಳುವವರಾರು?

ನಮ್ಮ ಪ್ರಶ್ನೆ ಬೇರೆ. 1993ರಲ್ಲಿ ನಮ್ಮ ದೇಶದಲ್ಲಿ ಬಹುವಿಧ ಸಾಗಾಟದ ಕಾಯಿದೆಯಾಯಿತು. ಪರದೇಶಕ್ಕೆ ಹೋಗುವ ಸರಕು ಲಾರಿ, ರೈಲು, ಹಡಗುಗಳಲ್ಲಿ ಸಾಗಿದರೂ ಅದಕ್ಕೆ ಒಂದೇ ಚೀಟಿ ಸಾಕು. ಆ ಚೀಟಿ ಕೊಟ್ಟವನೇ ಮೊದಲಿಂದ ಕೊನೆಯ ತನಕ ಹೊಣೆ. ಸರಕು ಕೆಟ್ಟರೆ ‘ಅದು ಲಾರಿಯವನ ತಪ್ಪು’ ಎಂದು ಜಾರಿಕೊಳ್ಳುವಂತಿಲ್ಲ.

ಆದರೆ ಪೆಟ್ಟಿಗೆಗೆ ಸರಕು ತುಂಬುವವನ ಗತಿಯೇನು? ನಮ್ಮ ಪರಿಚಯದ ಒಬ್ಬನ ಕಾಲಿನ ಮೇಲೆ ಗೋದಾಮೊಂದರಲ್ಲಿ ಬೇಲು ಬಿತ್ತು. ಗೋದಾಮಿನವರು ಗುತ್ತಿಗೆದಾರನನ್ನು ತೋರಿಸಿದರು, ಗುತ್ತಿಗೆದಾರ ಲಾರಿಯವರನ್ನು ತೋರಿಸಿದ. ಬೇಲಿಗೆ ಹೊಣೆಗಾರನಿದ್ದ, ಕಾಲಿಗೆ ಇರಲಿಲ್ಲ.

ಇದಕ್ಕೆ ದಾರಿಯನ್ನು ಇದೇ ಊರಿನ ಕೂಲಿಯವರು ಬಹಳ ಮೊದಲೇ ಕಂಡುಕೊಂಡಿದ್ದರು. ಅಣ್ಣಾಸಾಹೇಬ ಪಾಟೀಲರ ಮುಂದಾಳುತನದಲ್ಲಿ ಹೋರಾಡಿ, 1969ರಲ್ಲಿ ಮಾಥಾಡಿ ಕಾಯಿದೆಯನ್ನು ಪಡೆದರು. ಮಾಲೀಕನೂ ಕೆಲಸಗಾರನೂ ಮಂಡಳಿಯಲ್ಲಿ ಹೆಸರು ಬರೆಸಬೇಕು. ಮಾಲೀಕನು ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಇಂದು ಒಬ್ಬ ಮಾಲೀಕ, ನಾಳೆ ಇನ್ನೊಬ್ಬನಾದರೂ ದುಡಿದವನ ಲೆಕ್ಕ ಒಂದೇ ಕಡೆ ಉಳಿಯುತ್ತದೆ. ಸರಕಿಗೆ 1993ರಲ್ಲಿ ಸಿಕ್ಕ ನ್ಯಾಯವನ್ನು ತಲೆಹೊರೆಯವರು ಇಪ್ಪತ್ತನಾಲ್ಕು ವರ್ಷ ಮುಂಚೆಯೇ ತಮಗಾಗಿ ಗಳಿಸಿದ್ದರು!

ಕಾಯಿದೆ ಇದ್ದರೆ ಸಾಲದು, ಅದರಲ್ಲಿ ನಮ್ಮ ಹೆಸರು ಇರಬೇಕು. ಭಿವಂಡಿ, ಪನವೇಲ್, ಉರಣದ ಕಡೆ ಗೋದಾಮಿಗೆ ಹೋಗುವ ತರುಣರಿಗೆ ನಮ್ಮ ಬಿನ್ನಹವಿಷ್ಟೆ. ಕೆಲಸಕ್ಕೆ ಸೇರುವ ದಿನವೇ ‘ನನ್ನ ಹೆಸರು ಯಾವ ಪುಸ್ತಕದಲ್ಲಿದೆ?’ ಎಂದು ಕೇಳಿರಿ. ಹಾಜರಿಯನ್ನು ನೀವೂ ಬರೆದಿಡಿರಿ. ಪೆಟ್ಟಿಗೆಯ ತೂಕದ ಚೀಟಿಯನ್ನು ಓದಲು ಕಲಿಯಿರಿ. 2016ರ ಜುಲೈ 1ರಿಂದ ತೂಕವನ್ನು ಖಚಿತಪಡಿಸದ ತುಂಬಿದ ಪೆಟ್ಟಿಗೆಯನ್ನು ಹಡಗಿಗೆ ಏರಿಸಬಾರದೆಂಬ ಅಂತರರಾಷ್ಟ್ರೀಯ ನಿಯಮವಿದೆ. ಸುಳ್ಳು ತೂಕದಿಂದ ಲಾರಿ ಮಗುಚಿದರೆ ಅದರಡಿ ಸಿಕ್ಕುವವರು ನಾವೇ. ಬರೆಯಲು ಬಾರದವರಿಗೆ ಬರೆದುಕೊಡುವುದು ಅಕ್ಷರ ಬಲ್ಲ ಸದಸ್ಯರ ಕರ್ತವ್ಯ.

ಲಾರಿ, ರೈಲು, ಹಡಗು ಒಂದಕ್ಕೊಂದು ಕೈಹಿಡಿದು ಸರಕನ್ನು ಸುರಕ್ಷಿತವಾಗಿ ದಾಟಿಸುತ್ತವೆ. ಅವುಗಳ ನಡುವೆ ನಿಂತು ದುಡಿಯುವ ನಾವೂ ಕೈಹಿಡಿದು ನಿಲ್ಲೋಣ.