ಅಂಕಿಗಳಲ್ಲಿ ಕಂಡ ಕನ್ನಡ ನಾಡು

(ಮಂಗಳೂರಿನಲ್ಲಿ ಶಿಕ್ಷಕರ ಮುಂದೆ ಮಾಡಿದ ಭಾಷಣ)



ನಾಡಿನ ಏಳಿಗೆಯನ್ನು ಅಳೆಯುವ ಬಗೆ ಹೇಗೆಂದು ನನ್ನನ್ನು ಕೇಳಿರುವಿರಿ. ಮಂಗಳೂರಿನವರಿಗೆ ಇದು ಹಿತವಾದ ವಿಷಯವೇ ಸರಿ; ಇಂತಹ ಪಟ್ಟಿಗಳಲ್ಲಿ ನಮ್ಮ ಹೆಸರು ಮೇಲ್ಗಡೆಯಲ್ಲಿಯೇ ಇರುವುದಷ್ಟೆ. ಕರ್ನಾಟಕದ 2005ರ ಮಾನವ ಅಭಿವೃದ್ಧಿ ವರದಿಯು ಆಯುಷ್ಯ, ವಿದ್ಯೆ, ಆದಾಯಗಳನ್ನು ಕೂಡಿಸಿ ಜಿಲ್ಲೆಗಳನ್ನು ತೂಗಿತು. ಒಂದು ಎಂಬುದು ಪೂರ್ಣವಾದರೆ ದಕ್ಷಿಣ ಕನ್ನಡಕ್ಕೆ 0.722, ಬೆಂಗಳೂರು ನಗರದ ತರುವಾಯ ಎರಡನೆಯ ಸ್ಥಾನ. ರಾಯಚೂರಿಗೆ 0.547; ಕಟ್ಟಕಡೆಯ ಸ್ಥಾನ.

ಆದರೆ ಅಂಕಿಗಳನ್ನು ಓದಲು ತಾಳ್ಮೆ ಬೇಕು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯೊಳಗೆ ಸಾವಿರ ಗಂಡಸರಿಗೆ 1020 ಹೆಂಗಸರು. ಅಳಿಯಸಂತಾನದ ನಾಡು, ಸ್ತ್ರೀಯರಿಗೆ ಇಲ್ಲಿ ಆದರವುಂಟು ಎಂದು ಹೇಳಿಕೊಳ್ಳುವೆವು. ಮುಂಬಯಿಯ ಹೋಟೆಲುಗಳಿಗೂ ಕೊಲ್ಲಿಯ ದೇಶಗಳಿಗೂ ಹೊಟ್ಟೆಪಾಡಿಗೆ ಹೋದ ಗಂಡುಮಕ್ಕಳನ್ನು ಮಾತ್ರ ಮರೆಯುವೆವು. ಆರು ವರ್ಷದವರೆಗಿನ ಮಕ್ಕಳನ್ನಷ್ಟೇ ಎಣಿಸಿದರೆ ಹುಡುಗಿಯರೇ ಕಡಿಮೆ! ಇನ್ನು ಜಿಲ್ಲೆಯ ಸರಾಸರಿಯೊಳಗೆ ಕೊರಗರ ಗುಡಿಸಲು ಕಾಣುವುದೇ ಇಲ್ಲ.

ಜಿಲ್ಲೆಗಿಂತ ತಾಲೂಕನ್ನು ನೋಡುವುದು ಲೇಸೆಂದು ಕಂಡುಕೊಂಡವರು ಡಾ. ಡಿ. ಎಂ. ನಂಜುಂಡಪ್ಪನವರು. 2002ರಲ್ಲಿ ಒಪ್ಪಿಸಿದ ವರದಿಯಲ್ಲಿ ಅವರ ಸಮಿತಿಯು 35 ಸೂಚಕಗಳಿಂದ 175 ತಾಲೂಕುಗಳನ್ನು ಅಳೆದು, ರಾಜ್ಯದ ಸರಾಸರಿಯನ್ನು ಒಂದೆಂದಿಟ್ಟು, ಅದಕ್ಕಿಂತ ಕೆಳಗಿನ 114ನ್ನು ಹಿಂದುಳಿದವೆಂದಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗವೊಂದರಲ್ಲಿಯೇ. ಈ ಕ್ರಮಕ್ಕೂ ಒಂದು ಕುಂದುಂಟು: ಸರಾಸರಿಯೇ ಅಳತೆಗೋಲಾದರೆ, ಎಲ್ಲರೂ ಮುಂದುವರಿದರೂ ಕೆಲವರು ಕೆಳಗೇ ಉಳಿಯುವರು. ಆದರೂ ಹಣವನ್ನು ಎಲ್ಲಿಗೆ ಕಳುಹಬೇಕೆಂಬುದನ್ನು ಅದು ತೋರಿಸಿತು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನೂ ಸೂಚಿಸಿತು.

ನಮ್ಮ ಮೇಲ್ಮೆ ನಮ್ಮೊಬ್ಬರ ಸಂಪಾದನೆಯೆ? ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಅಚ್ಚುಕೂಟವಿಟ್ಟರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು. ರಾಯಚೂರು, ಗುಲ್ಬರ್ಗಾಗಳು 1948ರವರೆಗೆ ನಿಜಾಮನ ಅಧೀನದಲ್ಲಿದ್ದವು. ಅಲ್ಲಿ ಆಡಳಿತದ ಭಾಷೆ ಉರ್ದು. ಕನ್ನಡದ ಮಗು ಪರಭಾಷೆಯಲ್ಲಿ ವಿದ್ಯೆಯನ್ನು ಅರಸಬೇಕಾಗಿತ್ತು. 1956ರ ನವೆಂಬರ್ 1ರಂದು ಒಂದಾದೆವು. ಸಂವಿಧಾನದ 371ಜೆ ವಿಧಿಯು ಬಂದುದು 2012ರ ತಿದ್ದುಪಡಿಯಿಂದ. ನಡುವೆ ಐವತ್ತಾರು ವರ್ಷ! 2011ರಲ್ಲಿ ಸಾಕ್ಷರರು ನಮ್ಮಲ್ಲಿ ನೂರಕ್ಕೆ 88.57, ಯಾದಗಿರಿಯಲ್ಲಿ 51.83. ಕಾಸರಗೋಡಿನ ಕನ್ನಡಿಗರಂತೂ ಕೇರಳದ ಲೆಕ್ಕಕ್ಕೆ ಸೇರಿ, ನಮ್ಮ ಪಟ್ಟಿಗಳಿಗೆ ಹೊರಗಾಗಿಯೇ ಉಳಿದರು.

ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಕರ್ನಾಟಕದ ಭೂಪಟವನ್ನು ಮಕ್ಕಳಿಂದ ಬರೆಯಿಸುವಾಗ ಆ 39 ತಾಲೂಕುಗಳಿಗೆ ಬಣ್ಣ ಹಚ್ಚಿಸಿರಿ. ಅರ್ಧಕ್ಕಿಂತ ಹೆಚ್ಚು ಬಣ್ಣ ಒಂದೇ ಮೂಲೆಗೆ ಏಕೆ ಕೂಡಿತೆಂದು ಅವರೇ ಕೇಳುವರು. ಆಗ ಹೇಳಬೇಕಾದುದು ನಿಮ್ಮಲ್ಲಿರಲಿ.