ಇಲಿಗೂ ಓಡುವ ಹುಚ್ಚು

ಪಂಜರದಲ್ಲಿ ಸಾಕಿದ ಬಿಳಿ ಇಲಿ ಚಕ್ರ ಹತ್ತಿ ಗಿರಗಿರನೆ ಓಡುವುದನ್ನು ವಿಡಿಯೊದಲ್ಲಾದರೂ ನೋಡಿರುತ್ತೀರಿ. ಎಷ್ಟು ಓಡಿದರೂ ಇದ್ದಲ್ಲೇ! ‘ಪಾಪ, ಕೂಡಿಹಾಕಿದ್ದಕ್ಕೆ ಬೇಜಾರಾಗಿ ಹೀಗೆ ಮಾಡುತ್ತಿದೆ’ ಎಂದೇ ಬಹಳ ಜನ ಅಂದುಕೊಂಡಿದ್ದರು. ವಿಜ್ಞಾನಿಗಳಲ್ಲೂ ಹಲವರು ಹಾಗೇ ನಂಬಿದ್ದರು.

ನೆದರ್‌ಲೆಂಡ್ಸ್ ದೇಶದ ಲೈಡನ್‌ನಲ್ಲಿ ಯೊಹಾನಾ ಮೇಯರ್ ಮತ್ತು ಯೂರಿ ರಾಬರ್ಸ್ ಎಂಬ ಇಬ್ಬರು ಇದನ್ನು ಪರೀಕ್ಷಿಸಲು ತಮಾಷೆಯ ಉಪಾಯ ಹೂಡಿದರು. ಇಲಿಯನ್ನು ತಂದು ಚಕ್ರಕ್ಕೆ ಬಿಡುವ ಬದಲು ಚಕ್ರವನ್ನೇ ಒಯ್ದು ಬಯಲಿನಲ್ಲಿಟ್ಟರು. ಒಂದನ್ನು ಊರಂಚಿನ ಗಿಡಗಂಟಿಗಳ ನಡುವೆ, ಇನ್ನೊಂದನ್ನು ಜನ ಓಡಾಡದ ಮರಳುದಿಬ್ಬಗಳಲ್ಲಿ. ಪಕ್ಕದಲ್ಲಿ ಒಂದಿಷ್ಟು ತಿಂಡಿ, ಏನಾದರೂ ಅಲುಗಿದರೆ ತಾನೇ ಚಾಲೂ ಆಗುವ ಕ್ಯಾಮೆರಾ.

ಇಲಿಗಳು ಬಂದವು. ಅಪ್ಪಟ ಕಾಡುಪೋಲಿಗಳು. ಅವನ್ನು ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ, ಕೂಡಿಹಾಕಿರಲೂ ಇಲ್ಲ. ಆದರೂ ಚಕ್ರ ಹತ್ತಿ ಓಡಿದವು, ಇಳಿದವು, ಮತ್ತೆ ಹತ್ತಿದವು. ತಿಂಡಿ ಇಡುವುದನ್ನು ನಿಲ್ಲಿಸಿದ ಮೇಲೆ ಬರುವ ಪ್ರಾಣಿಗಳು ಕಡಿಮೆಯಾದವು, ನಿಜ. ಬಂದವು ಮಾತ್ರ ಓಡುವುದನ್ನು ಬಿಡಲಿಲ್ಲ. ಸೊಂಡಿಲಿಯೂ ಬಂತು, ಕಪ್ಪೆಯೂ ಬಂತು. ಚಿಪ್ಪಿಲ್ಲದ ಬಸವನಹುಳು ಕೂಡ ಚಕ್ರದ ಮೇಲೆ ಹರಿದಾಡಿದ್ದು ದಾಖಲಾಯಿತು. ಅದು ‘ಓಡಿತು’ ಎನ್ನಲು ನನಗಂತೂ ಧೈರ್ಯವಿಲ್ಲ, ದಾರಿ ತಪ್ಪಿ ಬಂದಿರಬೇಕು! ಈ ಪ್ರಯೋಗದ ವರದಿ 2014ರಲ್ಲಿ ಪ್ರಕಟವಾಯಿತು.

ಹಾಗಾದರೆ ಓಟದಲ್ಲಿ ಸಿಗುವುದಾದರೂ ಏನು? ಸ್ವಲ್ಪ ಹೊತ್ತು ಓಡಿದರೆ ನಮ್ಮ ಮೈಯಲ್ಲಿ ಎಂಡೋಕ್ಯಾನಬಿನಾಯ್ಡ್ ಎಂಬ ಗುಂಪಿನ ರಾಸಾಯನಿಕಗಳು ಹೆಚ್ಚುತ್ತವೆ. ಇವು ರಕ್ತದ ಮೂಲಕ ಮಿದುಳಿಗೆ ತಲುಪಿದಾಗ ಮನಸ್ಸು ಹಗುರಾಗುತ್ತದೆ, ನೋವು ಅಷ್ಟಾಗಿ ತಿಳಿಯುವುದಿಲ್ಲ. 2012ರಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ಮನುಷ್ಯರು, ನಾಯಿಗಳು ಮತ್ತು ಮುಂಗುಸಿಯ ಮೈಕಟ್ಟಿನ ಫೆರೆಟ್ ಎಂಬ ಪ್ರಾಣಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ರಕ್ತ ಪರೀಕ್ಷೆ ಮಾಡಿದರು. ಮನುಷ್ಯರಲ್ಲೂ ನಾಯಿಗಳಲ್ಲೂ ಈ ರಾಸಾಯನಿಕ ಏರಿತ್ತು. ಫೆರೆಟ್‌ಗಳಲ್ಲಿ ಏರಲಿಲ್ಲ. ಅವು ದೂರ ಓಡಿ ಬದುಕುವ ಪ್ರಾಣಿಗಳಲ್ಲ, ಬಿಲದಲ್ಲಿ ನುಸುಳುವಂಥವು. ದೂರ ಓಡುವವರಿಗೆ ಮಾತ್ರ ಈ ಬಹುಮಾನ ಇರುವಂತೆ ಕಾಣುತ್ತದೆ.

ಓಟ ಎಲ್ಲಾದರೂ ಖುಷಿಯೇ. ಆದರೂ ಶಾಲೆಯ ಮೈದಾನವನ್ನು ಸುತ್ತುವುದಕ್ಕಿಂತ ಕಲ್ಲು, ಹುಲ್ಲು, ಹಳ್ಳ ಇರುವ ಬಯಲಿನಲ್ಲಿ ಓಡುವ ಮಜವೇ ಬೇರೆ. ಅಲ್ಲಿ ಮೈಗೆ ಕೆಲಸ ಜಾಸ್ತಿ, ಕಣ್ಣಿಗೂ. ಒಂದು ಪುಟ್ಟ ಪ್ರಯೋಗ ಮಾಡೋಣ. ಈ ಪುಟವನ್ನು ಅಲುಗದಂತೆ ಹಿಡಿದು, ‘ಊಹೂಂ’ ಎನ್ನುವಾಗ ಮಾಡುವಂತೆ ತಲೆಯನ್ನು ಬೇಗ ಬೇಗ ಅತ್ತಿತ್ತ ಆಡಿಸುತ್ತಾ ಓದಿ. ಓದಬಹುದಲ್ಲವೇ? ಈಗ ತಲೆಯನ್ನು ಹಾಗೇ ಇಟ್ಟುಕೊಂಡು ಪುಟವನ್ನು ಅಷ್ಟೇ ಬೇಗ ಆಡಿಸಿ. ಅಕ್ಷರಗಳೆಲ್ಲ ಕಲಸಿಹೋದವು!

ನಿಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಅರ್ಧವೃತ್ತಾಕಾರದ ನಾಳಗಳಿವೆ, ಒಂದೊಂದು ಕಡೆ ಮೂರು ಮೂರು. ತಲೆ ತಿರುಗಿದೊಡನೆ ಅವು ಕಣ್ಣಿನ ಸ್ನಾಯುಗಳಿಗೆ ಸುದ್ದಿ ಮುಟ್ಟಿಸುತ್ತವೆ. ತಲೆ ಎಡಕ್ಕೆ ಹೋದರೆ ಕಣ್ಣುಗುಡ್ಡೆ ಬಲಕ್ಕೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ಪುಟ ಆಡಿದರೆ ಕಿವಿಗೆ ಹೇಗೆ ಗೊತ್ತಾಗಬೇಕು? ಎಗರುತ್ತಾ ಓಡುವಾಗಲೂ ದೂರದ ಜಿಂಕೆ ನಿಮಗೆ ಕಲಸಿದಂತೆ ಕಾಣದೆ ಸ್ಪಷ್ಟವಾಗಿ ಕಾಣುವುದು ಈ ಏರ್ಪಾಟಿನಿಂದಲೇ.

ಜಿಂಕೆ ಎಂದೆನಲ್ಲ, ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿ ಮೈದನಹಳ್ಳಿ ಎಂಬ ಊರಿದೆ. ಅಲ್ಲಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸುತ್ತ ಹೊಲಗಳು, ನಡುವೆ ಬಂಡಿಜಾಡು. ಕೃಷ್ಣಮೃಗ ನಮ್ಮನ್ನು ಕಂಡರೆ ಒಮ್ಮೆಲೇ ಓಡಿಬಿಡುವುದಿಲ್ಲ. ಕಿವಿ ನಿಮಿರಿಸಿ ನೋಡುತ್ತದೆ. ಆಮೇಲೆ ಒಂದು ಕೃಷ್ಣಮೃಗ ನಾಲ್ಕೂ ಕಾಲನ್ನು ಒಟ್ಟಿಗೆ ನೆಲದಿಂದ ಎತ್ತಿ ಚಂಗನೆ ಮೇಲಕ್ಕೆ ನೆಗೆಯುತ್ತದೆ, ಹಿಂದೆಯೇ ಹಿಂಡಿನ ಉಳಿದವೂ. ‘ನಿನ್ನನ್ನು ನೋಡಿಯಾಯ್ತು, ನನ್ನ ಶಕ್ತಿಯನ್ನೂ ನೋಡಿಕೋ, ಸುಮ್ಮನೆ ಯಾಕೆ ಕಷ್ಟಪಡ್ತೀಯ?’ ಎಂದು ಬೇಟೆಗಾರನಿಗೆ ಹೇಳುವ ರೀತಿ ಇದು ಎನ್ನುತ್ತಾರೆ ಪ್ರಾಣಿಗಳ ನಡವಳಿಕೆ ಬಲ್ಲವರು.

ಆಮೇಲೆ ಓಟ. ಗಂಟೆಗೆ 80 ಕಿಲೋಮೀಟರ್‌ವರೆಗೂ! ಉಸೇನ್ ಬೋಲ್ಟ್‌ನ ಅತಿ ಹೆಚ್ಚಿನ ವೇಗವೇ ಗಂಟೆಗೆ ಸುಮಾರು 44 ಕಿಲೋಮೀಟರ್. ಕೃಷ್ಣಮೃಗವನ್ನು ಬೇಟೆಯಾಡುವ ತೋಳವೂ ಅದರಷ್ಟು ವೇಗವಾಗಿ ಓಡದು. ಹಾಗಿದ್ದರೆ ಇಷ್ಟೊಂದು ವೇಗ ಯಾಕೆ ಬೇಕಿತ್ತು? ಒಂದು ಕಾಲಕ್ಕೆ ನಮ್ಮ ಬಯಲುಗಳಲ್ಲಿ ಚೀತಾ ಇತ್ತು, ಕೃಷ್ಣಮೃಗ ಅದರ ಮುಖ್ಯ ಬೇಟೆ. ಭಾರತದಲ್ಲಿ ಚೀತಾ ಅಳಿದುಹೋಯಿತೆಂದು 1952ರಲ್ಲಿ ಸಾರಿದರು. ಬೆನ್ನಟ್ಟುವವನು ಹೋದ, ಓಟ ಉಳಿಯಿತು.

ವೇಗದಲ್ಲಿ ನಾವು ಸೋತೆವು, ದೂರದಲ್ಲಿ ಅಲ್ಲ. ನಮ್ಮ ಮೈಮೇಲೆ ದಟ್ಟ ಕೂದಲಿಲ್ಲ. 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ. ಬೆವರು ಆರುವಾಗ ಮೈಯ ಕಾವನ್ನು ಹೊತ್ತೊಯ್ಯುತ್ತದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 1980ರಿಂದ ಗುಡ್ಡ, ತೊರೆ, ಕೆಸರಿನ ದಾರಿಯಲ್ಲಿ ಮನುಷ್ಯರಿಗೂ ಕುದುರೆಗಳಿಗೂ ಓಟದ ಪಂದ್ಯ ನಡೆಯುತ್ತದೆ. ದೂರ ಸುಮಾರು 35 ಕಿಲೋಮೀಟರ್. ವರ್ಷಗಟ್ಟಲೆ ಕುದುರೆಗಳೇ ಗೆದ್ದವು. 2004ರಲ್ಲಿ ಹ್ಯೂ ಲಾಬ್ ಎಂಬಾತ ಕುದುರೆಗಳನ್ನೆಲ್ಲ ಹಿಂದೆ ಹಾಕಿದ. ಆಮೇಲೂ ಕೆಲವರು ಗೆದ್ದಿದ್ದಾರೆ.

ನೀವು ಬಯಲಿಗೆ ಓಡಲು ಹೊರಟರೆ ದೊಡ್ಡವರೊಬ್ಬರು ಜೊತೆಗಿರಲಿ. ಕಾಲ್ದಾರಿ ಬಿಟ್ಟು ಹುಲ್ಲಿಗೆ ನುಗ್ಗಬೇಡಿ. ನಾಯಿಗೆ ಓಟ ಎಷ್ಟೇ ಇಷ್ಟವಿದ್ದರೂ ಅದು ಮನೆಯಲ್ಲೇ ಇರಲಿ, ಹುಲ್ಲಿನಲ್ಲಿ ಅಡಗಿದ ಕೃಷ್ಣಮೃಗದ ಮರಿಗಳ ವಾಸನೆ ಅದಕ್ಕೆ ಸಿಕ್ಕಿಬಿಡುತ್ತದೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕೆಂಪು ಟಿಟ್ಟಿಭ ಎಂಬ ಹಕ್ಕಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಸಾಮಾನ್ಯವಾಗಿ ನಾಲ್ಕು. ಮಣ್ಣುಬಣ್ಣದ ಮೇಲೆ ಕಪ್ಪು ಮಚ್ಚೆ. ಬೆಣಚುಕಲ್ಲುಗಳ ನಡುವೆ ಗುರುತೇ ಸಿಗದು. ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಕಿರುಚಾಡತೊಡಗಿದರೆ ಗೂಡು ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ. ಓಟ ನಿಲ್ಲಿಸಿ, ಕಾಲ ಬುಡ ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ಬೇರೆ ದಾರಿ ಹಿಡಿಯಿರಿ.